ಕೂಳೆ ಕಬ್ಬಿನ ವಂಶವೃಕ್ಷ

ನಾನು ನನ್ನ ಅಪ್ಪನ ಮಗ ಎಂಬುದು ಐವತ್ತೆರಡು ವರ್ಷ ಊರಿಗೆಲ್ಲ ಗೊತ್ತಿದ್ದ ಸಂಗತಿ. ಮೂಗು ಅದೇ, ಮುಂಗೋಪ ಅದೇ, ಅಂಗಡಿಯಲ್ಲಿ ಸಾಲ ಹೇಳುವ ವೈಖರಿಯೂ ಅದೇ. ಆದರೆ ಅಪ್ಪ ತೀರಿಕೊಂಡ ಮೇಲೆ ಇದು ಸಾಬೀತಾಗಬೇಕಾದ ಆರೋಪವಾಗಿದೆ. ಒಂದೂವರೆ ಎಕರೆ ಕಬ್ಬಿನ ಗದ್ದೆಯ ಪಹಣಿಯಲ್ಲಿ ಅಪ್ಪನ ಹೆಸರು ಇಳಿಸಿ ನನ್ನ ಹೆಸರು ಏರಿಸುವುದಕ್ಕೆ, ಅಂದರೆ ಪೌತಿ ಖಾತೆ ಮಾಡಿಸುವುದಕ್ಕೆ, ನಾಲ್ಕು ತಿಂಗಳಿಂದ ಚಪ್ಪಲಿ ಸವೆಸುತ್ತಿದ್ದೇನೆ.

ತೊಡಕು ದೊಡ್ಡದೇನಲ್ಲ, ಒಂದೂವರೆ ಅಕ್ಷರದ್ದು. ಪಹಣಿಯಲ್ಲಿ ಅಪ್ಪನ ಹೆಸರಿನ ಕೊನೆಗೆ ‘ಯ್ಯ’ ಇದೆ. ಆಧಾರ್ ಕಾರ್ಡಿನಲ್ಲೂ ಮರಣಪತ್ರದಲ್ಲೂ ‘ಪ್ಪ’ ಇದೆ. ದಾಖಲೆಯ ಪ್ರಕಾರ ಸತ್ತವರು ಪ್ಪ, ಜಮೀನು ಇರುವುದು ಯ್ಯನದು. ಯ್ಯ ಇನ್ನೂ ಬದುಕಿದ್ದಾರೆ, ಆದ್ದರಿಂದ ಅವರ ಖಾತೆ ಬದಲಾಗುವಂತಿಲ್ಲ. ಪ್ಪ ಸತ್ತಿದ್ದಾರೆ, ಆದರೆ ಅವರಿಗೆ ಜಮೀನಿಲ್ಲ. ಪ್ಪ ಮತ್ತು ಯ್ಯ ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿದೆ. ಅದ್ವೈತ ಅರ್ಥವಾಗಲು ಶಂಕರ ಭಾಷ್ಯ ಓದಬೇಕಿಲ್ಲ, ಛಾಪಾ ಕಾಗದ ಸಾಕು.

ಅದಾದ ಮೇಲೆ ವಂಶವೃಕ್ಷ. ಗ್ರಾಮ ಆಡಳಿತ ಅಧಿಕಾರಿ ಎಂದು ಸರ್ಕಾರ ಹೊಸ ಹೆಸರಿಟ್ಟಿದ್ದರೂ ಊರಿನ ಬಾಯಲ್ಲಿ ಇನ್ನೂ ‘ವಿ.ಎ.’ ಆಗಿರುವ ಹುಡುಗಿ ನಾನು ಬರೆದುಕೊಟ್ಟ ಮರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬುಡದಲ್ಲಿ ಅಪ್ಪ, ಪಕ್ಕದಲ್ಲಿ ತೀರಿಹೋದ ಅಮ್ಮ, ಮೇಲೆ ಒಂದೇ ಒಂದು ಕೊಂಬೆ. ಅದು ನಾನು.

“ಹೆಣ್ಣುಮಕ್ಕಳು ಯಾರೂ ಇಲ್ವಾ ಸಾರ್?”

“ಒಬ್ಬಳು ತಂಗಿ ಇದಾಳಮ್ಮ. ಮದುವೆಯಾಗಿ ಹೋದಳು.”

“ಮದುವೆಯಾದ್ರೆ ಕೊಂಬೆ ಮರ ಇಳಿದು ಹೋಗುತ್ತಾ ಸಾರ್?”

ಈಗಿನ ಹುಡುಗಿಯರಿಗೆ ದೊಡ್ಡವರೆಂಬ ಗೌರವವೇ ಇಲ್ಲ ಎಂದುಕೊಂಡು ಹೊರಗೆ ಬಂದೆ.

ಹೊರಗೆ ಟೀ ಅಂಗಡಿಯ ಮೇಲೆ ಹದಿನೈದು ಅಡಿಯ ಫ್ಲೆಕ್ಸ್ ಕಟ್ಟಿದ್ದರು. ನಮ್ಮ ಕ್ಷೇತ್ರದ ಶಾಸಕರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಫ್ಲೆಕ್ಸಿನ ಮೂಲೆಯಲ್ಲಿ ಅವರು ಹಾರ ಹಾಕಿಸಿಕೊಂಡಿದ್ದರು, ನಡುವೆ ಅವರ ಮಗ ಕೈ ಮುಗಿದಿದ್ದ, ಕೆಳಗೆ ‘ನಿಮ್ಮ ಮನೆಮಗ’ ಎಂದು ಬರೆದಿತ್ತು. ನಮ್ಮ ಕ್ಷೇತ್ರದಲ್ಲಿ ಎರಡು ಲಕ್ಷ ಚಿಲ್ಲರೆ ಮತದಾರರಿದ್ದಾರೆ. ಅಷ್ಟೂ ಮನೆಗೆ ಒಬ್ಬನೇ ಮಗ ಎಂದರೆ ಯಾವ ವಿ.ಎ. ಕೂಡ ವಂಶವೃಕ್ಷ ಕೇಳಲಿಲ್ಲ. ಆಕ್ಷೇಪಣೆ ಇದ್ದವರು ಬನ್ನಿ ಎಂದು ಚಾವಡಿಯ ಗೋಡೆಗೆ ನೋಟಿಸ್ ಅಂಟಿಸಲಿಲ್ಲ. ಅಪ್ಪನ ಹೆಸರು, ಮಗನ ಇನಿಷಿಯಲ್ ತಾಳೆಯಾಗುತ್ತದೆಯೇ ಎಂದು ಯಾರೂ ನೋಡಲಿಲ್ಲ.

ಅನುಕಂಪಕ್ಕೂ ದರ್ಜೆಗಳಿವೆ ಎಂದು ಆಗ ಹೊಳೆಯಿತು. ಸರ್ಕಾರಿ ನೌಕರ ಸೇವೆಯಲ್ಲಿರುವಾಗ ಸತ್ತರೆ ಮನೆಯವರಿಗೆ ಅನುಕಂಪದ ಆಧಾರದ ನೌಕರಿ ಕೊಡುವ ನಿಯಮಗಳು 1996ರಿಂದ ಇವೆ. ಅಪ್ಪ ಯಾವ ಎತ್ತರದ ಅಧಿಕಾರಿಯಾಗಿದ್ದರೂ ಮಗನಿಗೆ ಸಿಗುವುದು ಸಿ ದರ್ಜೆ ಅಥವಾ ಡಿ ದರ್ಜೆ. ಓದಿದ್ದೆಷ್ಟು, ಮನೆಗೆ ಬೇರೆ ಸಂಪಾದನೆ ಉಂಟೇ ಎಂದೆಲ್ಲ ವಿಚಾರಿಸಿ ಕೊನೆಗೆ ಗುಮಾಸ್ತನ ಕುರ್ಚಿಗೆ ಕೂರಿಸುತ್ತಾರೆ. ಶಾಸಕ ಸತ್ತರೆ ಮಾತ್ರ ಅನುಕಂಪ ‘ಆಧಾರ’ವಾಗಿ ಉಳಿಯುವುದಿಲ್ಲ, ‘ಅಲೆ’ಯಾಗುತ್ತದೆ. ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕೆಂದು ಕಾನೂನೇ ಹೇಳುವುದರಿಂದ ಕಣ್ಣೀರು ಆರಲು ಕೂಡ ಸಮಯವಿಲ್ಲ. ತಹಸೀಲ್ದಾರರ ಮಗ ಗುಮಾಸ್ತನಾಗಬಹುದು, ತಹಸೀಲ್ದಾರನಾಗುವಂತಿಲ್ಲ. ಶಾಸಕರ ಮಗ ಶಾಸಕನೇ ಆಗಬೇಕು, ಗುಮಾಸ್ತನಾದರೆ ಕ್ಷೇತ್ರಕ್ಕೆ ಅವಮಾನ.

“ಅದು ಕೂಳೆ ಕಣಣ್ಣ,” ಎಂದ ಟೀ ಅಂಗಡಿಯವನು, ನನ್ನ ಕಣ್ಣು ಫ್ಲೆಕ್ಸಿನ ಮೇಲಿರುವುದನ್ನು ಕಂಡು. “ಬಿತ್ತನೆ ಖರ್ಚಿಲ್ಲ, ಉಳುಮೆ ಇಲ್ಲ. ತಾನಾಗೇ ಬತ್ತದೆ.”

ಕಬ್ಬಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ಹೊಸದಾಗಿ ಬಿತ್ತನೆ ತುಂಡು ನೆಟ್ಟು ಬೆಳೆದರೆ ತನಿ ಕಬ್ಬು. ಅದನ್ನು ಕಡಿದ ಮೇಲೆ ನೆಲದಲ್ಲಿ ಉಳಿದ ಮೋಟು ಮತ್ತೆ ಚಿಗುರಿ ಬಂದರೆ ಕೂಳೆ ಕಬ್ಬು. ಕೂಳೆಯ ಸುಖ ಒಂದೆರಡಲ್ಲ. ಬೇರು ಆಗಲೇ ಇಳಿದಿರುತ್ತದೆ. ತನಿಗಿಂತ ಬೇಗ ಬಲಿಯುತ್ತದೆ, ಮೊದಲ ಸಲ ಗೆದ್ದವನೇ ಸಚಿವನಾಗುವ ಹಾಗೆ. ಕಷ್ಟವೂ ಇದೆ. ಹಿಂದಿನ ಬೆಳೆಯ ರೋಗ, ಹಿಂದಿನ ಬೆಳೆಯ ಹುಳು ಮೋಟಿನ ಜೊತೆಗೇ ಬಂದಿರುತ್ತವೆ. ಗೊಬ್ಬರ ಮೊದಲಿಗಿಂತ ಜಾಸ್ತಿ ಕೇಳುತ್ತದೆ. ಒಂದೊಂದು ಕೂಳೆಗೂ ಇಳುವರಿ ಕುಸಿಯುತ್ತ ಹೋಗುತ್ತದೆ. ಎರಡನೆಯದೋ ಮೂರನೆಯದೋ ಕೂಳೆ ಮುಗಿದ ಮೇಲೆ ಬುದ್ಧಿವಂತ ರೈತ ಮೋಟು ಕಿತ್ತು, ನೆಲ ಉತ್ತು ಬೇರೆ ಬೆಳೆ ಹಾಕುತ್ತಾನೆ. ರೈತನಿಗಿರುವ ಈ ಬುದ್ಧಿ ಅದೇ ರೈತ ಮತಗಟ್ಟೆಗೆ ಹೋದಾಗ ಎಲ್ಲಿ ಹೋಗುತ್ತದೋ.

ಕರ್ನಾಟಕದಲ್ಲಿ ಈ ತಳಿ ಚೆನ್ನಾಗಿ ಹೊಂದಿಕೊಂಡಿದೆ. ದೇವೇಗೌಡರು 1994ರಲ್ಲಿ ಮುಖ್ಯಮಂತ್ರಿಯಾದರು, ಮಗ ಕುಮಾರಸ್ವಾಮಿ 2006ರಲ್ಲಿ. ಎಸ್.ಆರ್. ಬೊಮ್ಮಾಯಿ 1988ರಲ್ಲಿ, ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ. ಎರಡನೆಯ ಜೋಡಿಯಲ್ಲಿ ಬೇರು ಒಂದೇ, ಕಬ್ಬು ನುರಿಸಿದ ಕಾರ್ಖಾನೆ ಮಾತ್ರ ಬೇರೆ. ಅಪ್ಪ ಜನತಾ ಪರಿವಾರ, ಮಗ ಬಿಜೆಪಿ. ಯಡಿಯೂರಪ್ಪನವರ ಮಗ ವಿಜಯೇಂದ್ರ 2023ರ ನವೆಂಬರ್‌ನಲ್ಲಿ ಬಿಜೆಪಿಯ ರಾಜ್ಯಾಧ್ಯಕ್ಷರಾದರು. ಅದೇ ವರ್ಷ ಕಾಂಗ್ರೆಸ್ ಅಧ್ಯಕ್ಷ ಖರ್ಗೆಯವರ ಮಗ ಪ್ರಿಯಾಂಕ್ ಸಚಿವರಾದರು. ಮೂರು ಪಕ್ಷಗಳೂ ಒಂದನ್ನೊಂದು ‘ಕುಟುಂಬ ರಾಜಕಾರಣ’ ಎಂದು ಬೈಯುತ್ತವೆ. ಬೈಗುಳವಾದರೂ ಹೊಸದಾಗಿರಲಿ ಎಂದರೆ ಅದೂ ಕೂಳೆಯೇ.

ಈ ದೇಶದಲ್ಲಿ ವಂಶಪಾರಂಪರ್ಯ ಅಧಿಕಾರ ಹೋಗಲಿಲ್ಲವೇ ಎಂದರೆ, ಹೋಗಿದೆ. ಆದರೆ ಸಣ್ಣವರದು. ಶಾನುಭೋಗಿಕೆ, ಪಟೇಲಿಕೆ ಅಪ್ಪನಿಂದ ಮಗನಿಗೆ ಹೋಗುವುದು ಅನ್ಯಾಯ ಎಂದು 1961ರಲ್ಲಿ ನಮ್ಮ ವಿಧಾನಮಂಡಲವೇ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಮಾಡಿತು, 1963ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಊರಿನ ಲೆಕ್ಕ ಬರೆಯುವ ಕೆಲಸ ರಕ್ತದಿಂದ ಬರುವಂಥದ್ದಲ್ಲ, ಅರ್ಹತೆ ಬೇಕು ಎಂಬುದು ಅದರ ತಿರುಳು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಮಹಾರಾಜರ ರಾಜಧನವನ್ನೂ ತೆಗೆಯಿತು. ಹೀಗೆ ಕೆಳಗೆ ಶಾನುಭೋಗರು, ಮೇಲೆ ಮಹಾರಾಜರು ಇಬ್ಬರೂ ಹೋದರು. ನಡುವೆ ಖಾಲಿಯಾದ ಜಾಗದಲ್ಲಿ, ಆ ಕಾನೂನುಗಳನ್ನು ಮಾಡಿದವರು ಮಕ್ಕಳು ಮರಿಗಳೊಡನೆ ಬಂದು ಕೂತರು.

ಕಾನೂನಿಗೂ ಒಂದು ಹಾಸ್ಯಪ್ರಜ್ಞೆ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಓದಿ. ವಿಲ್ ಬರೆಯದೆ ಒಬ್ಬ ಗಂಡಸು ಸತ್ತರೆ ಅವನ ಮಗ, ಮಗಳು, ಹೆಂಡತಿ, ತಾಯಿ ಮೊದಲ ದರ್ಜೆಯ ವಾರಸುದಾರರು. ತಂದೆ ಎರಡನೇ ದರ್ಜೆ. ಮೊದಲ ದರ್ಜೆಯಲ್ಲಿ ಒಬ್ಬರಿದ್ದರೂ ಅವನಿಗೆ ಬಿಡಿಗಾಸಿಲ್ಲ. ಅಪ್ಪನನ್ನು ಎರಡನೇ ದರ್ಜೆಗೆ ಇಳಿಸುವ ಧೈರ್ಯ ಈ ದೇಶದಲ್ಲಿ ಮಾಡಿದ್ದು ಸಂಸತ್ತು. ಅದೇ ಸಂಸತ್ತಿನ ಒಳಗೆ ಹೋಗಬೇಕಾದರೆ ಮೊದಲ ದರ್ಜೆಯ ಅಪ್ಪ ಬೇಕು. ಕೊಲೆ ಮಾಡಿದವನಿಗೆ ಸತ್ತವನ ಆಸ್ತಿಯಲ್ಲಿ ಪಾಲಿಲ್ಲ ಎಂದೂ ಅದೇ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಪಕ್ಷದೊಳಗೆ ಗುರುವನ್ನು ಮುಗಿಸಿದವನಿಗೇ ಗುರುವಿನ ಕುರ್ಚಿ ಸಿಗುವುದು ನೋಡಿದರೆ ಈ ಕಲಂ ವಿಧಾನಸೌಧದವರೆಗೆ ತಲುಪಿದಂತಿಲ್ಲ. ಯಾವ ವಾರಸುದಾರನೂ ಇಲ್ಲದಿದ್ದರೆ ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ಯಾವ ವಾರಸುದಾರನೂ ಇಲ್ಲದ ಕ್ಷೇತ್ರ ಹೈಕಮಾಂಡಿಗೆ ಸೇರುತ್ತದೆ.

ರಾಜಕೀಯದವರನ್ನೇ ಬೈದರೆ ಉಳಿದವರಿಗೆ ಬೇಸರವಾದೀತು. ನಮ್ಮೂರ ಹಾಲಿನ ಡೈರಿಗೆ ಬನ್ನಿ. ಅಧ್ಯಕ್ಷರಿಗೆ ಇದು ಐದನೇ ಅವಧಿ. ನಡುವೆ ಒಮ್ಮೆ ಮಹಿಳಾ ಮೀಸಲು ಬಂದಾಗ ಪ್ರಜಾಪ್ರಭುತ್ವಕ್ಕೆ ತಲೆಬಾಗಿ ಹೆಂಡತಿಯನ್ನು ಕೂರಿಸಿದರು. ಆಕೆ ಸಹಿ ಹಾಕಿದರು, ಇವರು ಫ್ಯಾಟ್ ನೋಡಿದರು. “ನಿಮ್ಮ ನಂತರ ಯಾರು?” ಎಂದು ವಾರ್ಷಿಕ ಸಭೆಯಲ್ಲಿ ಒಬ್ಬ ಹುಡುಗ ಕೇಳಿದ್ದಕ್ಕೆ, “ನಾನು ಸಾಯಲಿ ಅಂತೀಯೇನೋ?” ಎಂದು ಅತ್ತರು. ನಮ್ಮಲ್ಲಿ ಮುಂದಿನವರು ಯಾರು ಎಂದು ಕೇಳುವುದು ಇರುವವರಿಗೆ ಚಟ್ಟ ಕಟ್ಟಿದ ಹಾಗೆ.

ಡೈರಿಯವರು ಹಳ್ಳಿಯವರು, ಬಿಡಿ. ಇಂಗ್ಲಿಷಿನಲ್ಲಿ ‘ಸಕ್ಸೆಷನ್ ಪ್ಲಾನಿಂಗ್’ ಎಂಬ ಅಧ್ಯಾಯವನ್ನೇ ಇಟ್ಟುಕೊಂಡಿರುವ ಕಂಪನಿಗಳೂ ಕಡಿದ ಮೋಟಿನತ್ತಲೇ ತಿರುಗಿ ನೋಡುತ್ತವೆ. ಇನ್ಫೋಸಿಸ್‌ಗೆ 2013ರಲ್ಲಿ ನಾರಾಯಣಮೂರ್ತಿಯವರು ಮರಳಬೇಕಾಯಿತು, 2017ರಲ್ಲಿ ನಂದನ್ ನಿಲೇಕಣಿಯವರು ಮರಳಬೇಕಾಯಿತು. ಟಾಟಾ ಸಮೂಹದಲ್ಲಿ 2016ರ ಅಕ್ಟೋಬರ್‌ನಲ್ಲಿ ಸೈರಸ್ ಮಿಸ್ತ್ರಿಯವರನ್ನು ಇಳಿಸಿದ ದಿನ ಹಂಗಾಮಿಯಾಗಿ ಕೂತವರು ಅವರಿಗಿಂತ ಹಿಂದೆ ಕೂತಿದ್ದ ರತನ್ ಟಾಟಾ. ಲಕ್ಷಾಂತರ ಜನರಿಗೆ ಕೆಲಸ ಕೊಡುವ ಮನೆಗಳಲ್ಲೂ ಕುರ್ಚಿ ಅಲುಗಾಡಿದರೆ ಹುಡುಕುವುದು ಹಳೆಯ ಬೇರನ್ನೇ.

ಇದಕ್ಕಿಂತ ಉಡುಪಿ ವಾಸಿ. ಎಂಟು ಮಠ, ಒಬ್ಬ ಕೃಷ್ಣ. ಪೂಜೆಯ ಸರದಿಯನ್ನು ಎರಡೆರಡು ವರ್ಷಕ್ಕೆ ಹಂಚಿದವರು ವಾದಿರಾಜರು ಎನ್ನುತ್ತಾರೆ. ಸಮ ಸಂಖ್ಯೆಯ ವರ್ಷದ ಜನವರಿ 18 ಬಂತೆಂದರೆ ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ ಒಪ್ಪಿಸಲೇಬೇಕು. ‘ಭಕ್ತರ ಒತ್ತಾಯಕ್ಕೆ ಮಣಿದು ಇನ್ನೆರಡು ವರ್ಷ’ ಎನ್ನುವಂತಿಲ್ಲ. ಮರಿಸ್ವಾಮಿಯನ್ನು ನೇಮಿಸದೆ ಒಬ್ಬರು ತೀರಿಕೊಂಡರೆ ಜೋಡಿ ಮಠದವರು, ಅಂದರೆ ದ್ವಂದ್ವ ಮಠದವರು, ಆ ಪೀಠಕ್ಕೆ ಜನ ಹುಡುಕುತ್ತಾರೆ. ಸನ್ಯಾಸಿಗಳಿಗೂ ಕುರ್ಚಿಯ ಮೇಲೆ ಆಸೆಯಾದೀತು ಎಂದು ಮುಂಚೆಯೇ ಅಂದಾಜು ಮಾಡಿ ಕಟ್ಟಿದ ವ್ಯವಸ್ಥೆ ಇದು. ಸಂಸಾರಿಗಳ ಆಸೆಗೆ ಅಷ್ಟು ಗಟ್ಟಿಯಾದ ಕ್ಯಾಲೆಂಡರನ್ನು ನಾವು ಇನ್ನೂ ಅಚ್ಚು ಹಾಕಿಲ್ಲ.

“ಇದೆಲ್ಲ ಪ್ರಕೃತಿ ಸಹಜ, ಸಿಂಹದ ಮರಿ ಸಿಂಹವೇ,” ಎಂದು ಫ್ಲೆಕ್ಸ್ ಕಟ್ಟಿದ ಹುಡುಗರು ಹೇಳಿದರು. ಪ್ರಕೃತಿಯನ್ನು ಸಾಕ್ಷಿಗೆ ಕರೆಯುವವರು ಅದರ ಪಾಟೀ ಸವಾಲಿಗೂ ಸಿದ್ಧರಿರಬೇಕು.

ಜೇನನ್ನು ನೋಡಿ. ರಾಣಿಯಾಗುವ ಮೊಟ್ಟೆಗೂ ಕೆಲಸದ ನೊಣವಾಗುವ ಮೊಟ್ಟೆಗೂ ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ. ಮೊದಲ ಮೂರು ದಿನ ಎಲ್ಲ ಮರಿಗಳಿಗೂ ರಾಯಲ್ ಜೆಲ್ಲಿ ಉಣಿಸುತ್ತವೆ, ರಾಣಿಯಾಗಬೇಕಾದ ಮರಿಗೆ ಮಾತ್ರ ಕೊನೆಯವರೆಗೂ ಅದೇ ಊಟ. ರಾಣಿತನ ಇರುವುದು ರಕ್ತದಲ್ಲಲ್ಲ, ತಟ್ಟೆಯಲ್ಲಿ. ಇಷ್ಟರ ಮಟ್ಟಿಗೆ ನಮ್ಮ ಮನೆಮಗನಿಗೂ ಅದಕ್ಕೂ ಹೋಲಿಕೆ ಇದೆ. ಮುಂದಿನದರಲ್ಲಿ ಇಲ್ಲ. ಹೊಸ ರಾಣಿಯ ಕೋಣೆಗೆ ಮುಚ್ಚಳ ಬಿದ್ದಾಗ ಹಳೆಯ ರಾಣಿ ಅರ್ಧ ನೊಣಗಳನ್ನು ಕರೆದುಕೊಂಡು ತಾನೇ ಮನೆ ಬಿಡುತ್ತಾಳೆ. ಕಟ್ಟಿದ ಎರಿ, ಕೂಡಿಟ್ಟ ತುಪ್ಪ, ತೊಟ್ಟಿಲ ಮಕ್ಕಳು ಎಲ್ಲವನ್ನೂ ಬರುವವಳಿಗೆ ಬಿಟ್ಟು, ಮುದುಕಿ ಬಯಲಿನಲ್ಲಿ ಹೊಸದಾಗಿ ಸಂಸಾರ ಹೂಡುತ್ತಾಳೆ. ಜೇನು ಸಾಕುವವರು ಇದಕ್ಕೆ ಕುಟುಂಬ ಪಾಲಾಗುವುದು ಎನ್ನುತ್ತಾರೆ. ಪಾಲು ಎಂದರೆ ಹಿರಿಯರು ಎದ್ದು ಹೋಗುವುದು ಎಂಬ ಅರ್ಥ ಅಲ್ಲಿ ಮಾತ್ರ ಉಳಿದಿದೆ.

ಇನ್ನೊಂದು ಸಾಕ್ಷಿ ಧಾರವಾಡದ್ದು. 1960ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಎಂಬ ವಿಜ್ಞಾನಿ ಅಲ್ಲಿನ ಕಾಡಿನ ಅಂಚಿನಲ್ಲಿ ಕೂತು ಕರಿಮೋರೆಯ ಮುಸುವಗಳನ್ನು ದಿನವಿಡೀ ನೋಡುತ್ತಿದ್ದರು. ಹೊರಗಿನ ಗಡವ ಬಂದು ಹಳೆಯ ಗಡವನನ್ನು ಓಡಿಸಿ ಗುಂಪು ಹಿಡಿಯಿತು. ಹಿಡಿದ ಮೇಲೆ ಅದು ಮಾಡಿದ ಕೆಲಸ, ಹಳೆಯವನ ಕಾಲದಲ್ಲಿ ಹುಟ್ಟಿದ ಮರಿಗಳನ್ನು ಕಚ್ಚಿ ಕೊಂದದ್ದು. ಆಗ ಇದನ್ನು ನಂಬುವುದು ವಿಜ್ಞಾನಲೋಕಕ್ಕೆ ಕಷ್ಟವಾಯಿತಂತೆ. ಸರ್ಕಾರ ಬದಲಾದ ಮೊದಲ ತಿಂಗಳು ಹಿಂದಿನವರ ಯೋಜನೆಗಳಿಗೆ ಏನಾಗುತ್ತದೆ ಎಂದು ನಮ್ಮ ಸಚಿವಾಲಯದ ಯಾವ ಜವಾನನನ್ನು ಕೇಳಿದ್ದರೂ ಹೇಳುತ್ತಿದ್ದ. ಮುಸುವ ಒಂದು ವಿಷಯದಲ್ಲಿ ಮೇಲು: ಕೊಂದ ಮರಿಗೆ ಹೊಸ ಹೆಸರಿಟ್ಟು ತನ್ನದೇ ಎಂದು ಮೆರವಣಿಗೆ ಮಾಡುವುದಿಲ್ಲ.

ಕೊನೆಯ ಸಾಕ್ಷಿ ನಮ್ಮ ಗದ್ದೆಯ ಪಕ್ಕದಲ್ಲೇ ಇದೆ. ಮೂರು ಎಕರೆ, ನಾಲ್ಕು ಜನ ಅಣ್ಣತಮ್ಮಂದಿರು, ಇಪ್ಪತ್ತಮೂರು ವರ್ಷದ ಪಾಲಿನ ದಾವೆ. ದಾವೆ ಹೂಡಿದ ಹಿರಿಯಣ್ಣ ತೀರಿಕೊಂಡ. ತೊಂಬತ್ತು ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು, ತಂದರು. ಮೂರನೆಯವನು ತೀರಿಕೊಂಡ, ಅವನ ವಾರಸುದಾರರನ್ನೂ ತಂದರು. ವಕೀಲರು ತೀರಿಕೊಂಡರು. ಕಕ್ಷಿದಾರರನ್ನು ಕೂಡ ಸ್ಥಿರಾಸ್ತಿಯಂತೆ ಅನುಭೋಗಿಸುತ್ತಿರುವ ಅವರ ಮಗ ಈಗ ವಾದ ಮಾಡುತ್ತಾನೆ. ಮನೆಯಲ್ಲಿ ಅಜ್ಜನ ಕೋಲು, ಪಂಚೆ ಯಾವುದೂ ಉಳಿದಿಲ್ಲ, ಕೇಸ್ ನಂಬರ್ ಮಾತ್ರ ಮೊಮ್ಮಕ್ಕಳಿಗೆ ಅಖಂಡವಾಗಿ ಸಿಕ್ಕಿದೆ. ಯಾರೂ ಉಳಬಾರದೆಂದು ತಡೆಯಾಜ್ಞೆ ಇರುವುದರಿಂದ ಜಮೀನು ಬೀಳು.

ತಡೆಯಾಜ್ಞೆ ಮನುಷ್ಯರಿಗೆ. ಮೊದಲು ಗರಿಕೆ, ತುಂಬೆ, ಉತ್ತರಾಣಿ ಬಂದವು. ಬೆನ್ನಿಗೇ ಕಾಂಗ್ರೆಸ್ ಗಿಡ ಬಂತು. ಊರು ಇಟ್ಟ ಹೆಸರು ಅದು, ನನ್ನ ಮೇಲೆ ಯಾರೂ ದಾವೆ ಹೂಡಬೇಡಿ. ಕಮಲ ಬೇಕೆನ್ನುವವರು ಪಕ್ಕದ ಕೆರೆಗೆ ಹೋಗಬಹುದು. ಹೂಳು ತುಂಬಿ, ಜೊಂಡು ಬೆಳೆದು, ಕೆರೆಯೂ ನೆಲವಾಗುವ ದಾರಿಯಲ್ಲಿದೆ. ಆಮೇಲೆ ಒಂದು ಮೂಲೆಯನ್ನು ಲಂಟಾನ ಹಿಡಿಯಿತು, ಇಂಗ್ಲಿಷರ ಕಾಲದಲ್ಲಿ ಚೆಂದಕ್ಕೆಂದು ತಂದ ಗಿಡ. ಅದು ಕೂತ ಕಡೆ ಹಿಂದಿನವರೂ ಇಲ್ಲ, ಮುಂದಿನವರೂ ಇಲ್ಲ. ಆದರೆ ಉಳಿದ ಕಡೆ ನಡೆದದ್ದು ಬೇರೆ. ಸಣ್ಣ ಗಿಡಗಳು ಬೆಳೆದು ಸತ್ತು ನೆಲಕ್ಕೆ ಗೊಬ್ಬರವಾದವು, ತೇವ ಹಿಡಿದಿಟ್ಟವು. ಹಕ್ಕಿಗಳು ಬೇವಿನ ಬೀಜ, ಅತ್ತಿಯ ಬೀಜ ಹಾಕಿ ಹೋದವು. ಪೊದೆಯ ಮರೆಯಲ್ಲಿ ಅವು ಚಿಗುರಿ, ಪೊದೆಗಿಂತ ಎತ್ತರವಾದವು. ಈಗ ಆ ನೆರಳಲ್ಲಿ ಮೊದಲು ಬಂದವುಗಳ ಸಂತಾನಕ್ಕೆ ಬಿಸಿಲು ಸಾಲದು. ನೆಲವನ್ನು ಹದ ಮಾಡಿದ್ದು ಅವು, ಹದವಾದ ನೆಲದಲ್ಲಿ ಬೆಳೆದದ್ದು ಬೇರೆಯವರ ಮಕ್ಕಳು. ಇದಕ್ಕೆ ಪರಿಸರ ವಿಜ್ಞಾನದಲ್ಲಿ ಅನುಕ್ರಮ ಎನ್ನುತ್ತಾರೆ. ಕಳೆದ ವರ್ಷ ಕೋರ್ಟಿನ ಕಮಿಷನರ್ ಅಳತೆಗೆ ಬಂದರು. ಮುಳ್ಳಿಗೆ ಹೆದರಿ ರಸ್ತೆಯಲ್ಲೇ ನಿಂತು, ‘ಸ್ವತ್ತು ಯಾರ ಸ್ವಾಧೀನದಲ್ಲಿದೆ’ ಎಂಬ ಕಾಲಮ್ಮಿನ ಮುಂದೆ ಬಹಳ ಹೊತ್ತು ಯೋಚಿಸಿದರು. ಒಳಗೆ ನವಿಲು ಕೂಗಿತು.

ಇಷ್ಟನ್ನೂ ಕುಟುಂಬ ರಾಜಕಾರಣದ ವಿರುದ್ಧ ಒಂದು ಖಾರವಾದ ಅಂಕಣ ಮಾಡಿ ಬರೆದು ಕಳಿಸಿದೆ. ಅಚ್ಚಾಯಿತು. ಫೋನುಗಳು ಬಂದವು. ಆ ಹುಮ್ಮಸ್ಸಿನಲ್ಲೇ ಭಾನುವಾರ ತಂಗಿಯ ಮನೆಗೆ ಹೊರಟೆ. ಒಂದು ಮೈಸೂರು ಸಿಲ್ಕ್ ಸೀರೆ, ಎರಡು ಮೊಳ ಮಲ್ಲಿಗೆ, ಅರ್ಧ ಕೆ.ಜಿ. ಮೈಸೂರು ಪಾಕು. ಇವುಗಳ ಕೆಳಗೆ, ಕಂದು ಕವರಿನಲ್ಲಿ, ಹಕ್ಕು ಬಿಡುಗಡೆ ಪತ್ರ.

ಕಾನೂನು ನನಗೆ ಗೊತ್ತಿಲ್ಲವೆಂದಲ್ಲ. ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು 1956ರ ಕಾಯ್ದೆಯೇ ಹೇಳಿತ್ತು. ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು, ಅಷ್ಟರೊಳಗೆ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಸೆಪ್ಟೆಂಬರ್ 9ರಂದು ಇಡೀ ದೇಶಕ್ಕೆ, ಮದುವೆಯ ಮಾತೆತ್ತದೆ, ಅದೇ ಹಕ್ಕು ಬಂತು. ಆ ದಿನ ಅಪ್ಪ ಬದುಕಿದ್ದರೆ ಮಾತ್ರವೋ ಎಂಬ ತಕರಾರಿಗೂ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಿಂದ ಸುಪ್ರೀಂ ಕೋರ್ಟ್ ಮಂಗಳ ಹಾಡಿತು. ಎಲ್ಲ ಗೊತ್ತು. ಗೊತ್ತಿರುವುದರಿಂದಲೇ ಸಿಲ್ಕ್ ಸೀರೆ. ಇಲ್ಲದಿದ್ದರೆ ಕಾಟನ್ನಿನಲ್ಲಿ ಮುಗಿಯುತ್ತಿತ್ತು.

ತಂಗಿ ಸೀರೆಯ ಸೆರಗು ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು. ಕವರ್ ಬಿಚ್ಚಿ ಪತ್ರ ಓದಿದಳು. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ’ ಎಂಬಲ್ಲಿ ಬೆರಳಿಟ್ಟು ಒಂದು ಕ್ಷಣ ನಿಂತಳು.

“ನಿನ್ನ ಅಂಕಣ ಓದಿದೆ ಅಣ್ಣ. ಅಪ್ಪನ ಕುರ್ಚಿ ಮಗನಿಗೇ ಯಾಕೆ ಅಂತ ಚೆನ್ನಾಗಿ ಬೈದಿದೀಯ.”

“ಹೌದಾ? ಸಂತೋಷ ಕಣಮ್ಮ.”

“ನಮ್ಮ ಗದ್ದೆಗೆ ಬೈ ಎಲೆಕ್ಷನ್ ಯಾವತ್ತು?”

ಕಾಫಿ ಕೊಟ್ಟಳು. ಸೀರೆ ಇಟ್ಟುಕೊಂಡಳು, ಪತ್ರ ಹಿಂದಕ್ಕೆ ಕೊಟ್ಟಳು, ಮೈಸೂರು ಪಾಕನ್ನು ಸರಿಯಾಗಿ ಎರಡು ಪಾಲು ಮಾಡಿ ಒಂದು ಪಾಲನ್ನು ನನ್ನ ಚೀಲಕ್ಕೇ ಹಾಕಿದಳು.

ಸೋಮವಾರ ಮತ್ತೆ ಚಾವಡಿಗೆ ಹೋದೆ. ಹೊಸ ವಂಶವೃಕ್ಷದಲ್ಲಿ ಎರಡು ಕೊಂಬೆಗಳಿದ್ದವು. ವಿ.ಎ. ಹುಡುಗಿ ನೋಡಿ, “ಈಗ ಮರದ ಥರ ಇದೆ ಸಾರ್,” ಎಂದಳು. ನನಗೂ ಏನೋ ದೊಡ್ಡ ತ್ಯಾಗ ಮಾಡಿದವನ ಹಾಗೆ ಗಂಟಲು ತುಂಬಿ ಬಂತು. ಅಷ್ಟರಲ್ಲಿ ಅವಳು ತಂಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು.

“ಸಾರ್, ಇದರಲ್ಲಿ ತಂದೆ ಹೆಸರು ‘ಣ್ಣ’ ಅಂತಿದೆಯಲ್ಲ. ಇವರು ಯಾರು?”